ವರದಿಯಲ್ಲಿ ಬರೀ ‘ಗ್ರಾನ್ಯುಲೋಮ’: ಕ್ಷಯವೋ, ಕುಷ್ಠವೋ, ಸಾರ್ಕಾಯ್ಡೋ?

ಪ್ಯಾಥ್_ಪಿಜಿ:
ಕೆನ್ನೆಯ ಮೇಲೆ ವರ್ಷದಿಂದ ನಿಧಾನವಾಗಿ ಹಬ್ಬುತ್ತಿರುವ ಕಂದುಗೆಂಪು ದಪ್ಪ ಮಚ್ಚೆ. 3 ಮಿ.ಮೀ. ಪಂಚ್ (ದುಂಡು ಬ್ಲೇಡಿನಿಂದ ತೆಗೆದ ಚರ್ಮದ ತುಂಡು) ಬಂದಿದೆ, ಅಷ್ಟೂ ಫಾರ್ಮಲಿನ್‌ನಲ್ಲಿ. ಎಪಿಥೆಲಾಯ್ಡ್ ಕೋಶಗಳ (ರೂಪ ಬದಲಿಸಿದ ಮ್ಯಾಕ್ರೋಫೇಜ್‌ಗಳ) ಗುಂಪುಗಳಿವೆ, ಅಂದರೆ ಗ್ರಾನ್ಯುಲೋಮ; ಲ್ಯಾಂಗ್‌ಹಾನ್ಸ್ ದೈತ್ಯಕೋಶಗಳಿವೆ, ಕೇಸಿಯೇಷನ್ (ನಡುವೆ ಗಿಣ್ಣಿನಂತೆ ಸತ್ತ ಅಂಗಾಂಶ) ಇಲ್ಲ. ಕ್ಷಯದ ಬ್ಯಾಸಿಲಸ್ ಹುಡುಕುವ ಜೀಲ್-ನೀಲ್ಸನ್ ಸ್ಟೇನ್ ನೆಗೆಟಿವ್. ಕ್ಷಯ ಬಿಟ್ಟುಬಿಡಬಹುದೇ?

ಸ್ಲೈಡ್‌ಹುಳು:
ಬಿಡಬೇಡಿ. ಲೂಪಸ್ ವಲ್ಗಾರಿಸ್‌ನಲ್ಲಿ (ಚರ್ಮದ ಕ್ಷಯದ ಒಂದು ಬಗೆ) ಬ್ಯಾಸಿಲಸ್ ಬಲು ವಿರಳ, ಸ್ಟೇನ್‌ನಲ್ಲಿ ಸಿಗದಿರುವುದೇ ಹೆಚ್ಚು. ಕೇಸಿಯೇಷನ್ ಕೂಡ ಇರಲೇಬೇಕೆಂದಿಲ್ಲ.

ಮೊದಲು ಬ್ಲಾಕಿನಿಂದ (ತುಂಡನ್ನು ಹುದುಗಿಸಿದ ಪ್ಯಾರಾಫಿನ್ ಗಟ್ಟಿ) ಇನ್ನೂ ಆಳದ ಸೆಕ್ಷನ್‌ಗಳನ್ನು ತೆಗೆಸಿ, ಕೆಳ ಡರ್ಮಿಸ್ (ಒಳಚರ್ಮ) ನೋಡಿ. ಗ್ರಾನ್ಯುಲೋಮಗಳು ದುಂಡಗೆ ಚದುರಿವೆಯೋ, ನರದ ಜಾಡು ಹಿಡಿದು ಉದ್ದುದ್ದಕ್ಕೆ ಸಾಗಿವೆಯೋ? ಉದ್ದಕ್ಕಿದ್ದರೆ ಕುಷ್ಠದ ಗುಮಾನಿ. ನರವನ್ನು ಗುರುತಿಸುವ ಎಸ್-100 ಸ್ಟೇನ್ ಹಾಕಿದರೆ ಗ್ರಾನ್ಯುಲೋಮದೊಳಗೆ ಚೂರಾದ ನರ ಕಾಣುತ್ತದೆ. ಆದರೆ ಡೆಂಡ್ರಿಟಿಕ್ ಕೋಶಗಳೂ (ಚರ್ಮದ ರಕ್ಷಣಾ ಕೋಶಗಳು) ಎಸ್-100 ಹಿಡಿಯುತ್ತವೆ, ಬಿಡಿಬಿಡಿಯಾಗಿ ಬಣ್ಣ ಹಿಡಿದದ್ದನ್ನೆಲ್ಲ ನರವೆಂದು ಎಣಿಸಬೇಡಿ.

ಕುಷ್ಠಕ್ಕೆ ಫೈಟ್-ಫರಾಕೊ ಸ್ಟೇನ್ ಬೇಕು. ಲೆಪ್ರೆಯ (ಕುಷ್ಠದ ಬ್ಯಾಸಿಲಸ್) ಗೋಡೆಯ ಮೇಣ ಜೈಲೀನ್, ಆಲ್ಕೊಹಾಲ್‌ಗೆ ಕಳೆದುಹೋಗುತ್ತದೆ. ಹಾಗಾಗಿ ಪ್ಯಾರಾಫಿನ್ ತೆಗೆಯುವಾಗ ಜೈಲೀನ್‌ಗೆ ಕಡಲೆಕಾಯಿ ಎಣ್ಣೆ ಬೆರೆಸುತ್ತಾರೆ, ಬಣ್ಣ ತೊಳೆಯಲು ಜೀಲ್-ನೀಲ್ಸನ್‌ನ 20% ಬದಲು 5% ಸಲ್ಫ್ಯೂರಿಕ್ ಆಮ್ಲ ಸಾಕು. ಎಷ್ಟೋ ಕಡೆ ಎಣ್ಣೆ ಹಾಕಿ, ಆಮೇಲೆ ಅಭ್ಯಾಸಬಲದಿಂದ ಆಲ್ಕೊಹಾಲ್‌ನಲ್ಲಿ ಅದ್ದಿಬಿಡುತ್ತಾರೆ! ಎಣ್ಣೆಯನ್ನು ಬ್ಲಾಟಿಂಗ್ ಕಾಗದದಲ್ಲಿ ಒತ್ತಿ ತೆಗೆಯಬೇಕು. ಪಾಸಿಟಿವ್ ಕಂಟ್ರೋಲ್ (ಬ್ಯಾಸಿಲಸ್ ಇದೆಯೆಂದು ಗೊತ್ತಿರುವ ಸ್ಲೈಡ್) ಜೊತೆಗೇ ಓಡಲಿ.

ಸಾರ್ಕಾಯ್ಡ್ (ಕಾರಣ ಗೊತ್ತಿಲ್ಲದ ಗ್ರಾನ್ಯುಲೋಮ ರೋಗ) ಮಿಕ್ಕದ್ದೆಲ್ಲ ಬಿಟ್ಟುಹೋದ ಮೇಲೆ ಕೊನೆಗೆ ಉಳಿಯುವ ಹೆಸರು. ಸುತ್ತ ಲಿಂಫೋಸೈಟ್ ಕಮ್ಮಿ ಎಂಬುದೊಂದರಿಂದಲೇ ಬರೆಯಬೇಡಿ. ಪೋಲರೈಸ್ಡ್ ಬೆಳಕಿನಲ್ಲೂ ಒಮ್ಮೆ ನೋಡಿ. ಹೊರಗಿನ ಕಣ ಹೊಳೆದರೂ ಸಾರ್ಕಾಯ್ಡ್ ಅಲ್ಲವೆಂದಾಗುವುದಿಲ್ಲ.

ಚರ್ಮದ_ಓಪಿಡಿ:
3 ಮಿ.ಮೀ. ಸಾಲದು, ಮತ್ತೆ ತೆಗೆಸಿ. ಮಚ್ಚೆ ಹಬ್ಬುತ್ತಿರುವ ಅಂಚಿನಿಂದ, ಕಲೆಗಟ್ಟಿದ ನಡುವಿನಿಂದಲ್ಲ. 5 ಮಿ.ಮೀ. ಪಂಚ್, ಕೊಬ್ಬು ಕಾಣುವವರೆಗೆ. ಫೋರ್ಸೆಪ್ಸ್‌ನಲ್ಲಿ ಹಿಂಡಿದರೆ ಕೋಶಗಳು ನೀಲಿ ಗೀರುಗಳಾಗಿ ಎಳೆದುಹೋಗುತ್ತವೆ, ಇಂಜೆಕ್ಷನ್ ಸೂಜಿಯ ತುದಿಯಿಂದ ಎತ್ತಿ. ಎರಡು ತುಂಡು ಬೇಕು. ಒಂದು, ತುಂಡಿನ ಹತ್ತು ಪಟ್ಟು ಅಳತೆಯ 10% ಬಫರ್ಡ್ ಫಾರ್ಮಲಿನ್‌ಗೆ. ಇನ್ನೊಂದು, ಸ್ಟೆರೈಲ್ ಸಲೈನ್‌ನಲ್ಲಿ ಒದ್ದೆ ಮಾಡಿದ ಗಾಜ್‌ನಲ್ಲಿ ಸುತ್ತಿ ಕಲ್ಚರ್‌ಗೆ.

ಮೈಕ್ರೋ_ಬೆಂಚ್:
ಕೋರಿಕೆ ಚೀಟಿಯಲ್ಲಿ ನಿಮ್ಮ ಅನುಮಾನ ಬರೆಯಿರಿ. ಕ್ಷಯದ ಬ್ಯಾಸಿಲಸ್‌ನ ಸಂಬಂಧಿ ಮೈಕೊಬ್ಯಾಕ್ಟೀರಿಯಂ ಮರೀನಂ ಬೆಳೆಯುವುದು 30 ಡಿಗ್ರಿ ಸುಮಾರಿನಲ್ಲಿ. 37ರಲ್ಲಷ್ಟೇ ಇಟ್ಟರೆ ‘ಬೆಳವಣಿಗೆ ಇಲ್ಲ’ ಎಂದೇ ಬಂದೀತು. ಕ್ಷಯಕ್ಕೆ 6ರಿಂದ 8 ವಾರ ಕಾಯಬೇಕು. ಲೆಪ್ರೆ ಯಾವ ಮಾಧ್ಯಮದಲ್ಲೂ ಬೆಳೆಯದು. ಫಾರ್ಮಲಿನ್ ಬ್ಲಾಕಿನಿಂದ ಪಿಸಿಆರ್ (ರೋಗಾಣುವಿನ ಡಿಎನ್‌ಎ ಹುಡುಕುವ ಪರೀಕ್ಷೆ) ಆಗುತ್ತದೆ, ಆದರೆ ಡಿಎನ್‌ಎ ತುಂಡಾಗಿರುವುದರಿಂದ ನೆಗೆಟಿವ್ ಬಂದರೆ ನಂಬುವಂತಿಲ್ಲ.

ಪ್ಯಾಥ್_ಪಿಜಿ:
ಒಂದು ಗ್ರಾನ್ಯುಲೋಮದ ನಡುವೆ ನ್ಯೂಟ್ರೋಫಿಲ್ (ಒಂದು ಬಗೆಯ ಬಿಳಿ ರಕ್ತಕಣ) ಗುಂಪು ಕಾಣುತ್ತಿದೆ. ಅದಕ್ಕೇನಾದರೂ ಅರ್ಥವುಂಟೇ?

ಸ್ಲೈಡ್‌ಹುಳು:
ಉಂಟು, ಅದನ್ನು ಮೊದಲೇ ಹೇಳಬೇಕಿತ್ತು! ಶಿಲೀಂಧ್ರ, ಕ್ಷಯೇತರ ಮೈಕೊಬ್ಯಾಕ್ಟೀರಿಯ ಎರಡನ್ನೂ ಹುಡುಕಿ. ಶಿಲೀಂಧ್ರ ತೋರಿಸುವ ಪಿಎಎಸ್, ಜಿಎಂಎಸ್ ಸ್ಟೇನ್‌ಗಳನ್ನು ಇವತ್ತೇ ಹಾಕಿಸಿ. ಸ್ಪೋರೊಟ್ರೈಕೋಸಿಸ್‌ನಲ್ಲಿ (ಚರ್ಮದ ಒಂದು ಶಿಲೀಂಧ್ರ ಸೋಂಕು) ಯೀಸ್ಟ್ ಬೆರಳೆಣಿಕೆಯಷ್ಟೇ ಇರುತ್ತದೆ, ಹಲವು ಲೆವೆಲ್ ನೋಡದೆ ನೆಗೆಟಿವ್ ಬರೆಯಬೇಡಿ. ಕಲ್ಚರ್‌ಗೆ ಕಳಿಸುವ ಎರಡನೇ ತುಂಡನ್ನು ಶಿಲೀಂಧ್ರ ಬೆಳೆಸುವ ಸಬೂರೋಡ್ ಮಾಧ್ಯಮಕ್ಕೂ ಹಾಕಲು ಹೇಳಿ.