ಗಾಡಿ ನಿಲ್ಲುವ ಹೊತ್ತಿಗೆ ಬ್ರೇಕ್ ಪೆಡಲ್ ಕಟಕಟ ಅನ್ನುತ್ತದೆ, ಹಳೆಯ ಪಿಕಪ್, ಎಬಿಎಸ್ ಹೋಯ್ತಾ?

ಬೈತಖೋಲ್ ಪಿಕಪ್
ಎಲ್ಲರಿಗೂ ನಮಸ್ಕಾರ. ನನ್ನದು ಸೆಕೆಂಡ್ ಹ್ಯಾಂಡ್ ಡೀಸೆಲ್ ಪಿಕಪ್, ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದ ಹಾಗೆ ತಡೆಯುವ ವ್ಯವಸ್ಥೆ) ಇರುವ ಹಳೆಯ ಮಾಡೆಲ್. ಕಾರವಾರ ಬಂದರಿನಿಂದ ಮೀನು ತುಂಬಿಕೊಂಡು ಕುಮಟಾ ಮೇಲೆ ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಹೋಗುತ್ತೇನೆ. ಈಗ ಒಂದು ತಿಂಗಳಿಂದ ಹೊಸ ಕಾಟ ಶುರುವಾಗಿದೆ. ಜೋರಾಗಿ ಹೋಗುವಾಗ ಬ್ರೇಕ್ ಚೆನ್ನಾಗಿಯೇ ಹಿಡಿಯುತ್ತದೆ. ಆದರೆ ಸ್ಪೀಡ್ 10ರ ಹತ್ತಿರ ಇಳಿದು ಇನ್ನೇನು ನಿಂತಿತು ಅನ್ನುವಾಗ ಪೆಡಲ್ ಕಾಲಡಿ ಕಟಕಟ ಎಂದು ಒದೆಯುತ್ತದೆ, ಗಾಡಿ ನಿಲ್ಲದೆ ಮುಂದಕ್ಕೆ ಜಾರುತ್ತದೆ. ಒಣ ಡಾಂಬರಿನ ಮೇಲೂ ಹೀಗೇ. ಮೊನ್ನೆ ಬಂದರಿನ ಗೇಟಿನಲ್ಲಿ ಮುಂದಿದ್ದ ಟೆಂಪೋಗೆ ತಾಗುವುದು ಸ್ವಲ್ಪದರಲ್ಲಿ ತಪ್ಪಿತು. ಡ್ಯಾಶ್‌ಬೋರ್ಡಿನಲ್ಲಿ ಎಬಿಎಸ್ ಲೈಟ್ ಮಾತ್ರ ಬರುವುದಿಲ್ಲ. ಬ್ರೇಕ್ ಪ್ಯಾಡ್ ಹೊಸದು, ಬ್ರೇಕ್ ಆಯಿಲ್ ಲೆವೆಲ್ ಸರಿ ಇದೆ. ಒಬ್ಬ ಮೆಕ್ಯಾನಿಕ್ ನೋಡಿ ಎಬಿಎಸ್ ಮಾಡ್ಯೂಲ್ (ಎಬಿಎಸ್ ನಡೆಸುವ ಯೂನಿಟ್) ಬದಲಿಸಬೇಕು ಎಂದರು. ಆ ರೇಟು ಕೇಳಿದರೆ ಗಾಡಿಯನ್ನೇ ಮಾರಿಬಿಡೋಣ ಅನಿಸಿತು. ಏನು ಮಾಡಲಿ?

ಹೊನ್ನಾವರದ ಹುಡುಗ
ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ ಮಾರಾಯ್ರೇ. ಎಬಿಎಸ್ ಫ್ಯೂಸ್ ಕಿತ್ತು ಬಿಸಾಕಿ. ಮೊದಲಿನ ಗಾಡಿಗಳಿಗೆಲ್ಲ ಎಬಿಎಸ್ ಎಲ್ಲಿತ್ತು? ಆಗ ಯಾರೂ ಘಟ್ಟ ಇಳಿಯಲಿಲ್ವಾ?

ಕುಮಟಾ ಆಟೋ ಎಲೆಕ್ಟ್ರಿಷಿಯನ್
ಫ್ಯೂಸ್ ಕೀಳುವ ಮಾತು ಆಮೇಲೆ. ಮಾಡ್ಯೂಲ್‌ಗೂ ಈಗಲೇ ದುಡ್ಡು ಸುರಿಯಬೇಡಿ.

ನೀವು ಹೇಳಿದ ಲಕ್ಷಣ ನೋಡಿದರೆ ನನಗೆ ಮೊದಲು ಅನುಮಾನ ಬರುವುದು ಮುಂದಿನ ಚಕ್ರದ ಸ್ಪೀಡ್ ಸೆನ್ಸರ್ ಮೇಲೆ. ಹಳೆಯ ಗಾಡಿಗಳಲ್ಲಿ ಎರಡು ವಯರಿನ ಕಾಯಿಲ್ ಸೆನ್ಸರ್ ಇರುತ್ತದೆ, ಅದರ ಎದುರು ಹಲ್ಲಿನ ರಿಂಗ್ ತಿರುಗುತ್ತದೆ. ಚಕ್ರ ಜೋರಾಗಿ ತಿರುಗಿದಷ್ಟೂ ಸಿಗ್ನಲ್ ಜಾಸ್ತಿ, ನಿಧಾನವಾದಷ್ಟೂ ಕಡಿಮೆ. ಸೆನ್ಸರ್ ಕೂರುವ ಜಾಗದಲ್ಲಿ ತುಕ್ಕು ಹಿಡಿದು ಉಬ್ಬಿದರೆ ಸೆನ್ಸರ್ ಕೂದಲೆಳೆಯಷ್ಟು ಮೇಲೆದ್ದುಬಿಡುತ್ತದೆ, ರಿಂಗ್‌ಗೂ ಅದಕ್ಕೂ ಸಂದು ಹೆಚ್ಚಾಗುತ್ತದೆ. ಸ್ಪೀಡಿನಲ್ಲಿ ಹೇಗೋ ನಡೆಯುತ್ತದೆ, ನಿಧಾನವಾದಾಗ ಆ ಒಂದು ಚಕ್ರದ ಸಿಗ್ನಲ್ ಮಾತ್ರ ಎಲ್ಲಕ್ಕಿಂತ ಮೊದಲೇ ಸೊನ್ನೆಯಾಗುತ್ತದೆ. ಕಂಟ್ರೋಲರ್‌ಗೆ ಏನು ಗೊತ್ತು, ಚಕ್ರ ಲಾಕ್ ಆಯಿತು ಅಂದುಕೊಂಡು ಪ್ರೆಶರ್ ಬಿಡುತ್ತದೆ. ನಿಮ್ಮ ಕಾಲಿಗೆ ಒದೆಯುವುದು ಅದೇ. ಅದರ ಲೆಕ್ಕದಲ್ಲಿ ಎಬಿಎಸ್ ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿದೆ, ಹಾಗಾಗಿ ಲೈಟೂ ಇಲ್ಲ, ಸ್ಕ್ಯಾನರಿನಲ್ಲಿ ದೋಷದ ಕೋಡೂ ಇಲ್ಲ.

ಇದು ನಮ್ಮ ಊರಿನ ಕಾಯಿಲೆ ಮಾತ್ರ ಅಲ್ಲ. ಅಮೆರಿಕದಲ್ಲಿ 2005ರಲ್ಲಿ ಜನರಲ್ ಮೋಟರ್ಸ್‌ನವರು 1999ರಿಂದ 2002ರ ಸಿಲ್ವರಾಡೋ ಪಿಕಪ್ ಮುಂತಾದ ಗಾಡಿಗಳನ್ನು ಇದೇ ಕಾರಣಕ್ಕೆ ವಾಪಸ್ ಕರೆಸಿದ್ದರು, ಸುಮಾರು 8 ಲಕ್ಷ ಗಾಡಿ. ಅದೂ ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುವ ರಾಜ್ಯಗಳಲ್ಲಿ ಮಾತ್ರ. ನಮ್ಮಲ್ಲಿ ರಸ್ತೆಗೆ ಯಾರೂ ಉಪ್ಪು ಸುರಿಯುವುದಿಲ್ಲ, ಸಮುದ್ರದ ಗಾಳಿಯೇ ಸಾಕು. ಮೇಲಿಂದ ನಿಮ್ಮದು ಮೀನಿನ ಗಾಡಿ, ಐಸ್ ಕರಗಿದ ನೀರು ಇಡೀ ದಾರಿ ಕೆಳಗೆ ಸೋರುತ್ತಲೇ ಇರುತ್ತದೆ ಅಲ್ವಾ.

ನೋಡುವುದು ಹೇಗೆ ಅಂದರೆ, ಲೈವ್ ಡೇಟಾ ತೋರಿಸುವ ಸ್ಕ್ಯಾನರ್ ಇದ್ದವರ ಹತ್ತಿರ ಹೋಗಿ, ಖಾಲಿ ಮೈದಾನದಲ್ಲಿ ನಿಧಾನವಾಗಿ ಓಡಿಸಿ ನಿಲ್ಲಿಸಿ. ನಾಲ್ಕು ಚಕ್ರದ ಸ್ಪೀಡಿನಲ್ಲಿ ಯಾವುದು ಮೊದಲು ಸೊನ್ನೆಗೆ ಬೀಳುತ್ತದೋ ಅದೇ ಕಳ್ಳ. ಸ್ಕ್ಯಾನರ್ ಸಿಗದಿದ್ದರೆ ಜಾಕ್ ಕೊಟ್ಟು ಚಕ್ರ ಎತ್ತಿ, ಮೀಟರನ್ನು ಎಸಿ ಮಿಲಿವೋಲ್ಟಿಗೆ ಇಟ್ಟು, ಕೈಯಲ್ಲಿ ಚಕ್ರ ತಿರುಗಿಸಿ ಎಡ ಬಲ ಹೋಲಿಸಿ. ಸೆನ್ಸರ್ ಬಿಚ್ಚುವಾಗ ಸುತ್ತಿಗೆ ಬೇಡ, ಪ್ಲಾಸ್ಟಿಕ್ ಮುರಿದು ತುಂಡು ಒಳಗೇ ಉಳಿಯುತ್ತದೆ. ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ರಾತ್ರಿ ಬಿಡಿ. ಆಮೇಲೆ ಕೂರುವ ಜಾಗವನ್ನು ಎಮರಿ ಪೇಪರಿನಲ್ಲಿ ಬಿಳಿ ಲೋಹ ಕಾಣುವ ತನಕ ತಿಕ್ಕಿ, ತೆಳ್ಳಗೆ ಗ್ರೀಸ್ ಸವರಿ ಕೂರಿಸಿ. ಬೇರಿಂಗ್ ಅಲ್ಲಾಡುತ್ತಿದೆಯಾ, ರಿಂಗ್ ಬಿರುಕು ಬಿಟ್ಟಿದೆಯಾ, ಅದನ್ನೂ ಆಗಲೇ ನೋಡಿಬಿಡಿ.

ಹೊನ್ನಾವರದ ಹುಡುಗ
ಅಷ್ಟೆಲ್ಲ ಆಗುವ ತನಕ ಫ್ಯೂಸ್ ತೆಗೆದರೆ ತಪ್ಪೇನು?

ಕುಮಟಾ ಆಟೋ ಎಲೆಕ್ಟ್ರಿಷಿಯನ್
ಗಾಡಿ ನೋಡಿ ಹೇಳಬೇಕು. ಕೆಲವು ಪಿಕಪ್‌ಗಳಲ್ಲಿ ಹಿಂದಿನ ಆಕ್ಸಲ್ ಹತ್ತಿರ ಸರಳು ಇರುವ ಲೋಡ್ ವಾಲ್ವ್ ಇರುತ್ತದೆ, ಲೋಡಿಗೆ ತಕ್ಕ ಹಾಗೆ ಹಿಂದಿನ ಬ್ರೇಕ್ ಹೆಚ್ಚು ಕಡಿಮೆ ಮಾಡುವುದು ಅದೇ. ಅಂಥದ್ದರಲ್ಲಿ ಫ್ಯೂಸ್ ತೆಗೆದರೆ ಮಾಮೂಲಿ ಬ್ರೇಕ್ ಉಳಿಯುತ್ತದೆ. ಇನ್ನು ಕೆಲವದರಲ್ಲಿ ಆ ಕೆಲಸವೂ ಎಬಿಎಸ್ ಯೂನಿಟ್‌ನದ್ದೇ. ಫ್ಯೂಸ್ ತೆಗೆದ ಕೂಡಲೇ ಎಬಿಎಸ್ ಲೈಟಿನ ಜೊತೆ ಕೆಂಪು ಬ್ರೇಕ್ ಲೈಟೂ ಬಂದರೆ ವಾಪಸ್ ಹಾಕಿಬಿಡಿ. ಇಲ್ಲದಿದ್ದರೆ ಮಳೆಯಲ್ಲಿ ಖಾಲಿ ಗಾಡಿ ಇಳಿಸುವಾಗ ಹಿಂದಿನ ಚಕ್ರ ಮೊದಲು ಲಾಕ್ ಆಗಿ ಹಿಂಭಾಗ ಅಡ್ಡ ತಿರುಗುತ್ತದೆ.

ಶಿರಸಿ ಅಡಿಕೆ ಲೋಡ್
ನಡುವೆ ನನ್ನದೊಂದು ಮಾತು. ದೇವಿಮನೆ ಇರಲಿ, ಅರಬೈಲು ಇರಲಿ, ಲೋಡ್ ಇಟ್ಟುಕೊಂಡು ಇಳಿಯುವಾಗ ಬ್ರೇಕ್ ಕಾದು ಹಿಡಿಯದೆ ಹೋಗುವುದಕ್ಕೂ ಎಬಿಎಸ್‌ಗೂ ಸಂಬಂಧ ಇಲ್ಲ. ಎಬಿಎಸ್ ಸರಿ ಮಾಡಿಸಿದೆ ಎಂದು ಟಾಪ್ ಗೇರಿನಲ್ಲಿ ಇಳಿಯಬೇಡಿ, ಹತ್ತುವಾಗ ಎಷ್ಟನೇ ಗೇರೋ ಇಳಿಯುವಾಗಲೂ ಹೆಚ್ಚುಕಡಿಮೆ ಅದೇ. ಆಯಿಲ್ ಲೆವೆಲ್ ಸರಿ ಇದೆ ಎಂದಿರಿ, ಬದಲಿಸಿ ಎಷ್ಟು ಕಾಲ ಆಯಿತು? ಬ್ರೇಕ್ ಆಯಿಲ್ ಗಾಳಿಯ ತೇವ ಎಳೆದುಕೊಳ್ಳುತ್ತದೆ. ಡಾಟ್ 4 ಎಂಬ ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕಡಿಮೆ ಎಂದರೂ 230 ಡಿಗ್ರಿ ತನಕ ಕುದಿಯುವುದಿಲ್ಲ, ತೇವ ಸೇರಿದ ಮೇಲೆ 155ರ ಹತ್ತಿರವೇ ಕುದಿಯಬಹುದು. ಕುದ್ದರೆ ಪೆಡಲ್ ನೆಲಕ್ಕೆ ಹೋಗುತ್ತದೆ, ಬ್ರೇಕ್ ಹಿಡಿಯುವುದಿಲ್ಲ, ಅಷ್ಟೇ.

ಬೈತಖೋಲ್ ಪಿಕಪ್
ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಸ್ಕ್ಯಾನರ್ ಹಾಕಿಸಿದೆ. ಮೂರು ಚಕ್ರ ಇನ್ನೂ 8 ತೋರಿಸುವಾಗ ಮುಂದಿನ ಎಡ ಚಕ್ರ ಸೊನ್ನೆ! ಸೆನ್ಸರ್ ತೆಗೆದರೆ ಕೆಳಗೆ ತುಕ್ಕು ಹಪ್ಪಳದ ಹಾಗೆ ಪದರ ಪದರ ಎದ್ದಿತ್ತು. ತಿಕ್ಕಿ ಕೂರಿಸಿದ ಮೇಲೆ ಕಟಕಟ ನಿಂತಿದೆ. ಬಲಗಡೆಯದು ಇನ್ನೂ ಬಿಚ್ಚಿಲ್ಲ, ಸ್ಪ್ರೇ ಹೊಡೆದು ಬಿಟ್ಟಿದ್ದೇನೆ. ಆಯಿಲ್ ಮಾತ್ರ ನಾನು ಗಾಡಿ ತಗೊಂಡ ಮೇಲೆ ಬದಲಿಸಿಯೇ ಇಲ್ಲ, ನಾಳೆ ಶಿರಸಿ ಲೋಡ್ ಬೇರೆಯವರಿಗೆ ಕೊಟ್ಟು ಆ ಕೆಲಸ ಮುಗಿಸುತ್ತೇನೆ.