39 ದೊಡ್ಡದಾ, 41 ದೊಡ್ಡದಾ? ಬ್ಲಾಕ್ ಇಟ್ಟರೂ ಮಗಳು ಒಪ್ಪುತ್ತಿಲ್ಲ

ಪುಟ್ಟಿ ಅಮ್ಮ:
ಮಗಳು ಎರಡನೇ ಕ್ಲಾಸು. ಸ್ಥಾನಬೆಲೆ ಬ್ಲಾಕ್‌ಗಳ ಡಬ್ಬ ತಂದಿದ್ದೇವೆ. ಬಿಡಿಗೆ ಸಣ್ಣ ಘನ, ಹತ್ತಕ್ಕೆ ಉದ್ದ ಕಡ್ಡಿ, ನೂರಕ್ಕೆ ಚಪ್ಪಟೆ ಹಲಗೆ. 39 ಜೋಡಿಸು ಅಂದರೆ 3 ಕಡ್ಡಿ, 9 ಬಿಡಿ ಸರಿಯಾಗಿ ಇಡುತ್ತಾಳೆ. 41 ಕೂಡ ಸರಿ. ಯಾವುದು ಜಾಸ್ತಿ ಅಂದರೆ ಮಾತ್ರ 39! "ನೋಡಮ್ಮಾ, ಇಲ್ಲೇ ತುಂಬಾ ಇದೆ" ಅನ್ನುತ್ತಾಳೆ. ಎಡಗಡೆ ಅಂಕಿ ನೋಡು ಅಂತ ಹೇಳಿಕೊಟ್ಟೆ. ಈಗ ಅದೇ ಲೆಕ್ಕದಲ್ಲಿ 102ಕ್ಕಿಂತ 98 ದೊಡ್ಡದಂತೆ. ಏನು ಮಾಡಲಿ?

ನಲಿಕಲಿ ಟೀಚರ್:
ಮೇಡಂ, ಅವಳು ಸುಮ್ನೆ ಹೇಳುತ್ತಿಲ್ಲ. 39ರಲ್ಲಿ 12 ತುಂಡು, 41ರಲ್ಲಿ ಬರೀ 5. ಅವಳು ಎಣಿಸುತ್ತಿರುವುದು ತುಂಡುಗಳನ್ನು. ನನ್ನ ಕ್ಲಾಸಲ್ಲೂ ಇಂಥ ಮಕ್ಕಳು ಇದ್ದೇ ಇರುತ್ತಾರೆ.

ದೊಡ್ಡದು ಚಿಕ್ಕದು ಸ್ವಲ್ಪ ದಿನ ಬದಿಗಿಡಿ. ದಾಳ ಹಾಕಿ ಆಡಿಸಿ. ಬಿದ್ದಷ್ಟು ಬಿಡಿ ಘನಗಳು ಅವಳಿಗೆ. 10 ಸೇರಿದ ಕೂಡಲೇ ನಿಮಗೆ ಕೊಟ್ಟು ಒಂದು ಕಡ್ಡಿ ಇಸಿದುಕೊಳ್ಳಬೇಕು. ಹೀಗೆ ಗಳಿಸಿದ ಕಡ್ಡಿಯನ್ನು ಮಕ್ಕಳು ಸುಲಭಕ್ಕೆ ಬರೀ ಒಂದು ಅಂತ ಎಣಿಸುವುದಿಲ್ಲ!

ಆಮೇಲೆ ನೆಲದ ಮೇಲೆ ಎರಡು ರೈಲು ಮಾಡಿಸಿ. ಕಡ್ಡಿಯ ತುದಿಗೆ ಕಡ್ಡಿ, ಕೊನೆಗೆ ಬಿಡಿಗಳು. ಎರಡೂ ಒಂದೇ ಗೆರೆಯಿಂದ ಹೊರಡಲಿ. ನಿಮ್ಮ ಬಿಡಿ 1 ಸೆಂ.ಮೀ. ಇದ್ದರೆ ಒಂದು ರೈಲು 39 ಸೆಂ.ಮೀ., ಇನ್ನೊಂದು 41. ಟೇಪ್ ಹಿಡಿದು ಅವಳೇ ಅಳೆಯಲಿ.

98ಕ್ಕೆ ಇನ್ನೆರಡು ಬಿಡಿ ಹಾಕಿಸಿ. ಬಿಡಿಗಳು ಕಡ್ಡಿಯಾಗುತ್ತವೆ, ಹತ್ತು ಕಡ್ಡಿ ಹಲಗೆಯಾಗುತ್ತದೆ. 102ರಲ್ಲಿ ಹಲಗೆಯೂ ಇದೆ, ಮೇಲೆ 2 ಬಿಡಿಯೂ ಇದೆ ಅಲ್ವಾ? ಎಡಗಡೆ ಅಂಕಿಯ ಸೂತ್ರ ಇದಾದ ಮೇಲೆ ಸಾಕು. < > ಚಿಹ್ನೆ ಇನ್ನೂ ತಡವಾಗಿ. ಅದಕ್ಕೆ ದೊಡ್ಡ ಸಂಖ್ಯೆಯ ಕಡೆ ಬಾಯಿ ತೆರೆಯುವ ಮೊಸಳೆಯ ಕಥೆ ಹೇಳುವುದು ನನಗಂತೂ ಇಷ್ಟವಿಲ್ಲ. ಮಕ್ಕಳಿಗೆ ಮೊಸಳೆ ನೆನಪಿರುತ್ತದೆ, ಸಂಖ್ಯೆ ಇರುವುದಿಲ್ಲ.

ಪೊರಕೆಕಡ್ಡಿ ಮೇಷ್ಟ್ರು:
ನಾನು ತೆಂಗಿನ ಪೊರಕೆ ಕಡ್ಡಿಯನ್ನು ಸಮನಾಗಿ ಮುರಿದು, ಹತ್ತತ್ತಕ್ಕೆ ರಬ್ಬರ್ ಬ್ಯಾಂಡ್ ಹಾಕಿಸುತ್ತೇನೆ. ಅನುಮಾನ ಬಂದರೆ ಮಗು ಕಟ್ಟು ಬಿಚ್ಚಿ ಎಣಿಸಬಹುದು. ಪ್ಲಾಸ್ಟಿಕ್ ಕಡ್ಡಿಯನ್ನು ಬಿಚ್ಚೋಕಾಗಲ್ಲ.

ಪುಟ್ಟಿ ಅಮ್ಮ:
ಥ್ಯಾಂಕ್ಸ್ ಸರ್. ಟೀಚರ್, 10 ರೂಪಾಯಿ ನೋಟು, 1 ರೂಪಾಯಿ ನಾಣ್ಯ ಕೊಟ್ಟರೆ ಬೇಗ ಕಲಿಯಲ್ವಾ?

ನಲಿಕಲಿ ಟೀಚರ್:
ಈಗಲೇ ಬೇಡ. ನೋಟನ್ನು ನೋಡಿದರೆ ಒಳಗೆ ಹತ್ತು ನಾಣ್ಯ ಕಾಣುವುದಿಲ್ಲ. ಕಡ್ಡಿಯಲ್ಲಿ ಗೀಟು ಹಾಕಿದ ಹತ್ತು ಭಾಗ ಕಾಣುತ್ತವೆ. ರೈಲು ಗಟ್ಟಿಯಾದ ಮೇಲೆ ನೋಟು ಕೊಡಿ. ಮುಂದೆ 205, 250 ಬಂದಾಗ ಹಾಳೆಯ ಮೇಲೆ ನೂರು, ಹತ್ತು, ಬಿಡಿ ಅಂತ ಮೂರು ಮನೆ ಬರೆದು ಅದರಲ್ಲೇ ಬ್ಲಾಕ್ ಇಡಿಸಿ. 205ರಲ್ಲಿ ಹತ್ತರ ಮನೆ ಖಾಲಿ ಇರೋದನ್ನು ಅವಳೇ ಹೇಳಲಿ.