ಪಾನ್‌ಶೆತ್ ಪ್ರವಾಹ: ಅಜ್ಜಿ ಹೇಳಿದ್ದನ್ನು ಮಕ್ಕಳು ಕಾಮಿಕ್ಸ್ ಮಾಡುವಾಗ ಎಷ್ಟು ಬಿಡಿಸಬೇಕು?

ಪುಣೆ ಟೀಚರ್:
ಎಲ್ಲರಿಗೂ ನಮಸ್ಕಾರ. ನಾನು ಪುಣೆಯಲ್ಲಿ ಭಾನುವಾರದ ಕನ್ನಡ ಕ್ಲಾಸ್ ನಡೆಸ್ತೀನಿ. ಬರೋರೆಲ್ಲ ಎಂಟು, ಒಂಬತ್ತನೇ ಕ್ಲಾಸಿನ ಮಕ್ಕಳು. ಈ ಸಲ 1961ರ ಜುಲೈ 12ರಂದು ಪಾನ್‌ಶೆತ್ ಅಣೆಕಟ್ಟು ಒಡೆದು ಪುಣೆಗೆ ನುಗ್ಗಿದ ಪ್ರವಾಹದ ಬಗ್ಗೆ ಕಾಮಿಕ್ಸ್ ಮಾಡ್ತಿದ್ದಾರೆ. ಆಗ ಶನಿವಾರ ಪೇಟೆಯ ಒಂದು ವಾಡಾದಲ್ಲಿ (ಹಳೇ ಕಾಲದ ದೊಡ್ಡ ಮನೆ) ಬಾಡಿಗೆಗಿದ್ದ, ಧಾರವಾಡ ಕಡೆಯ ಅಜ್ಜಿಯೊಬ್ಬರು ತಾವಾಗಿಯೇ ಒಪ್ಪಿ ಮಕ್ಕಳ ಮುಂದೆ ಮಾತಾಡಿದರು. ಫೋನಲ್ಲಿ ರೆಕಾರ್ಡ್ ಆಗಿದೆ.

ತಮ್ಮನ ಬಗ್ಗೆ ಅವರು ಹೇಳಿದ್ದು ಇಷ್ಟೇ: "ಅವ್ವ ಅಟ್ಟ ಹತ್ರಿ ಅಂದ್ಲು. ತಮ್ಮ ನನ್ನ ಹಿಂದ ಇದ್ದ. ಆಮ್ಯಾಲ ಇರಲಿಲ್ಲ." ಅಲ್ಲಿಗೆ ನಿಲ್ಲಿಸಿ ನೀರು ಕುಡಿದರು. ಆಮೇಲೆ ನಳದ ಮಾತು. ಖಡಕ್‌ವಾಸ್ಲಾ ಅಣೆಕಟ್ಟೂ ಒಡೆದಿತ್ತಲ್ಲ, ಊರಿಗೆ ನಳದ ನೀರೇ ಇಲ್ಲ. ಬಾವಿ ಮುಂದೆ ಕೊಡ ಹಿಡಿದು ನಿಂತ ಪಾಳಿಯ ಬಗ್ಗೆ ಬಹಳ ಹೊತ್ತು ಹೇಳಿದರು.

ನಮ್ಮ ಹುಡುಗನೊಬ್ಬ ಬಿಡಿಸಿಕೊಂಡು ಬಂದ ಮೊದಲ ಪುಟದಲ್ಲಿ ಆಕಾಶದಿಂದ ನೋಡಿದ ಹಾಗೆ ಅಣೆಕಟ್ಟು ಸೀಳುತ್ತಿದೆ. ಮೂರನೇ ಪುಟದಲ್ಲಿ ತಮ್ಮ ಕೈ ಎತ್ತಿಕೊಂಡು ಕೊಚ್ಚಿಹೋಗ್ತಿದ್ದಾನೆ, ಅಕ್ಕ ಬಾಯಿ ತೆರೆದು ಚೀರ್ತಿದ್ದಾಳೆ. ಚೆನ್ನಾಗಿ ಬಿಡಿಸ್ತಾನೆ ಹುಡುಗ, ಮನಸ್ಸಿಟ್ಟು ಬಿಡಿಸಿದ್ದಾನೆ. "ಇದನ್ನ ತೋರಿಸದಿದ್ರೆ ಓದೋರಿಗೆ ಹೇಗೆ ಗೊತ್ತಾಗ್ತದೆ ಮೇಡಂ?" ಅಂತ ಕೇಳ್ತಾನೆ. ಅಳಿಸು ಅಂತ ಹೇಳೋಕೆ ನನಗೆ ಇಷ್ಟವಿಲ್ಲ. ಅವನೇ ಯೋಚಿಸೋ ಹಾಗೆ ಏನು ಕೇಳಲಿ?

ಇನ್ನೊಂದು ವಿಷಯ. ನೀರು ರಾತ್ರಿ ಬಂತು ಅಂತಾರೆ ಅಜ್ಜಿ. ಪಾನ್‌ಶೆತ್ ಒಡೆದದ್ದು ಬೆಳಿಗ್ಗೆ, ಪುಣೆಗೆ ನೀರು ನುಗ್ಗಿದ್ದು ಹಗಲಲ್ಲಿ. ಮಕ್ಕಳು ತಿದ್ದಿಬಿಡೋಣ ಅಂತಿದ್ದಾರೆ.

ಮಾಟುಂಗಾ ಕುಂಚ:
ಮೇಡಂ, ನಾನು ಮುಂಬೈಯಲ್ಲಿ ಚಿತ್ರ ಬಿಡಿಸಿಯೇ ಹೊಟ್ಟೆ ಹೊರೆಯೋನು. ಅವನಿಗೆ ಒಂದೇ ಪ್ರಶ್ನೆ ಕೇಳಿ: "ಅಜ್ಜಿ ಆಗ ಎಲ್ಲಿ ನಿಂತಿದ್ದರು?" ಅಣೆಕಟ್ಟು ಇದ್ದದ್ದು ಊರಾಚೆ ಎಷ್ಟೋ ದೂರ. ಅವರು ಅದನ್ನು ನೋಡಿಲ್ಲ. ಪುಟ್ಟ ಹುಡುಗಿ ಅಟ್ಟ ಹತ್ತುವಾಗ ಕಣ್ಣೆದುರು ಇರೋದು ಅವ್ವನ ಸೀರೆಯ ಅಂಚು, ಹಿಮ್ಮಡಿ, ಮೇಲಿನ ಕತ್ತಲೆ. ತಮ್ಮ ಹಿಂದಿದ್ದ ಅಂತ ಅವರೇ ಹೇಳಿದ್ದಾರೆ. ಅಂದಮೇಲೆ ಅವನು ಹೋದದ್ದನ್ನು ಅವರು ಕಂಡಿದ್ದಾರೆ ಅಂತ ಅವರ ಮಾತಿನಲ್ಲಿ ಎಲ್ಲಿದೆ? ಅವರು ಹೇಳದೇ ಇದ್ದದ್ದನ್ನು ನಾವು ಅವರ ಕಣ್ಣಿಗೆ ತುಂಬಬಾರದು.

ಆ ಮೂರು ಮಾತಿಗೆ ಮೂರು ಚೌಕ ಸಾಕು. ಎರಡನೆಯದಕ್ಕೂ ಮೂರನೆಯದಕ್ಕೂ ನಡುವೆ ಬಿಳಿ ಜಾಗವನ್ನು ಅಗಲವಾಗಿ ಬಿಡಲಿ. ಓದುಗರು ಅಲ್ಲಿ ತಾವಾಗಿಯೇ ನಿಲ್ಲುತ್ತಾರೆ. ಕಾಮಿಕ್ಸಿಗೆ ಇರುವ ದೊಡ್ಡ ಶಕ್ತಿಯೇ ಅದು. ಬಾವಿಯ ಪಾಳಿಗೆ ಬೇಕಾದರೆ ಎರಡು ಪುಟ ಕೊಡಿ, ಯಾಕಂದ್ರೆ ಅವರು ಹೇಳಬೇಕು ಅಂತ ಆರಿಸಿಕೊಂಡದ್ದು ಅದನ್ನೇ.

ರಾತ್ರಿ-ಹಗಲಿನ ವಿಷಯಕ್ಕೆ 'ಮೌಸ್' ನೋಡಿ. ಆರ್ಟ್ ಸ್ಪೀಗೆಲ್‌ಮನ್ ತನ್ನ ಅಪ್ಪ ನಾಜಿಗಳ ಆಶ್‌ವಿಟ್ಸ್ ಶಿಬಿರದಲ್ಲಿ ಕೈದಿಯಾಗಿದ್ದ ನೆನಪುಗಳನ್ನು ರೆಕಾರ್ಡ್ ಮಾಡಿಕೊಂಡು ಮಾಡಿದ ಕಾಮಿಕ್ಸ್, 1992ರಲ್ಲಿ ಅದಕ್ಕೆ ವಿಶೇಷ ಪುಲಿಟ್ಜರ್ ಪ್ರಶಸ್ತಿ ಬಂತು. ಶಿಬಿರದ ಗೇಟಿನಲ್ಲಿ ಕೈದಿಗಳ ವಾದ್ಯಗೋಷ್ಠಿ ಇತ್ತು ಅನ್ನೋದಕ್ಕೆ ದಾಖಲೆ ಇದೆ. ಅಪ್ಪ ಮಾತ್ರ ಅಂಥದ್ದೇನೂ ನೆನಪಿಲ್ಲ, ಬರೀ ನಡೆದದ್ದು ನೆನಪಿದೆ ಅಂತಾರೆ. ಮಗ ಒಂದು ಚೌಕದಲ್ಲಿ ವಾದ್ಯದವರನ್ನು ಪೂರ್ತಿ ಬಿಡಿಸುತ್ತಾನೆ. ಅಪ್ಪ ಇಲ್ಲ ಅಂದ ಮೇಲೆ, ನಡೆಯುವವರ ಸಾಲಿನ ಹಿಂದೆ ಅವರು ಮರೆಯಾಗಿ ವಾದ್ಯಗಳ ತುದಿ ಮಾತ್ರ ಕಾಣುತ್ತೆ. ಅಪ್ಪನ ಮಾತನ್ನೂ ಅಳಿಸಲಿಲ್ಲ, ದಾಖಲೆಯನ್ನೂ ಬಿಡಲಿಲ್ಲ. ನಿಮ್ಮ ಮಕ್ಕಳೂ ಅಜ್ಜಿಯ ಮಾತಿಗೆ ಕತ್ತಲನ್ನೇ ಬಿಡಿಸಲಿ, ಹಗಲು ಅನ್ನೋದನ್ನು ತಮ್ಮ ದನಿಯಲ್ಲಿ ಪುಟದ ಕೆಳಗೆ ಬರೆಯಲಿ. ಕಿಟಕಿಯಿಲ್ಲದ ಅಟ್ಟದಲ್ಲಿ ಹಗಲೂ ರಾತ್ರಿಯೇ ಆಗಿರಬಹುದು.

ಬೈನಾದವಳು:
ಟೀಚರ್, ನಾನು ಗೋವಾದವಳು. 2004ರಲ್ಲಿ ವಾಸ್ಕೋದ ಬೈನಾ ಕಡಲತೀರದ ಮನೆಗಳನ್ನು ಕೆಡವಿದಾಗ ನಮ್ಮದೂ ಹೋಯಿತು. ಮಳೆಗಾಲ. ಅವ್ವ ಅಕ್ಕಿ ಡಬ್ಬಿ, ರೇಷನ್ ಕಾರ್ಡು ಎರಡನ್ನೂ ಒಂದೇ ಪ್ಲಾಸ್ಟಿಕ್ ಚೀಲದಾಗ ಹಾಕಿ ಹೊಟ್ಟಿಗೆ ಅವಚಿಕೊಂಡು ನಿಂತಿದ್ದಳು. ಕ್ಯಾಮೆರಾ ಹಿಡಿದು ಬಂದವರು ಬಾಳ ಮಂದಿ. ಅವರಿಗೆ ನಾವು ಅಳೋದು ಬೇಕಿತ್ತು. ಆ ಚೀಲದಾಗ ಏನೈತಿ ಅಂತ ಒಬ್ಬರೂ ಕೇಳಲಿಲ್ಲ. ನಮ್ಮ ಫೋಟೋ ಎಲ್ಲಿ ಹೋತು, ಅದರ ಕೆಳಗೆ ಏನು ಬರೆದರು, ನಮಗೆ ಗೊತ್ತಿಲ್ಲ.

ಅದಕ್ಕೇ ಹೇಳ್ತೀನಿ, ಪೆನ್ಸಿಲ್ ಇರುವಾಗಲೇ ಪುಟಗಳನ್ನು ಅಜ್ಜಿಗೆ ತೋರಿಸಿ, ಇಂಕು ಹಾಕಿದ ಮ್ಯಾಲೆ ಅಲ್ಲ. ಮಕ್ಕಳ ಮುಂದೆ ಕೇಳಿದರೆ "ಚಲೋ ಆಗೇತಿ" ಅಂತಾರೆ, ಹುಡುಗರ ಮನಸ್ಸು ನೋಯಿಸಬಾರದು ಅಂತ. ನೀವೊಬ್ಬರೇ ಹೋಗಿ ಕೇಳಿ. ಹೆಸರು ಹಾಕಬೇಕಾ, ಮುಖ ಅವರದೇ ಇರಬೇಕಾ, ತಮ್ಮನ ಹೆಸರು ಬರಬೇಕಾ, ಒಂದೊಂದಾಗಿ ಕೇಳಿ. ಹೂಂ ಅಂದಿದ್ದನ್ನು ನಾಳೆ ಬ್ಯಾಡ ಅನ್ನಬಹುದು ಅಂತಲೂ ತಿಳಿಸಿ.

ಕೊಥ್ರೂಡ್ ನಿವೃತ್ತ:
ಅಜ್ಜಿಯ ಮಾತಿಗೆ ಮರ್ಯಾದೆ ಅಂತ ಅಣೆಕಟ್ಟು ಒಡೆದ ಕಾರಣವನ್ನೇ ಬಿಟ್ಟುಬಿಡಬೇಡಿ ತಾಯಿ. ಕೆಲಸ ಪೂರ್ತಿ ಮುಗಿಯದ ಮಣ್ಣಿನ ಅಣೆಕಟ್ಟಿನಲ್ಲಿ ಮಳೆಗಾಲದ ನೀರು ತುಂಬಿತ್ತು. ಸೈನ್ಯದ ಜವಾನರು ಮರಳಿನ ಚೀಲ ಒಟ್ಟಿ ತಡೆಯಲು ನೋಡಿದರು. ಹುಡುಗನ ಮೊದಲ ಪುಟಕ್ಕೆ ಜಾಗ ಇದೆ, ಅಜ್ಜಿಯ ಕಥೆಯ ಒಳಗಲ್ಲ, ಅದಕ್ಕೂ ಮುಂಚೆ, ಮಕ್ಕಳೇ ಹುಡುಕಿ ತಿಳಿದದ್ದಾಗಿ.

ಪುಣೆ ಟೀಚರ್:
ಎಲ್ಲರ ಮಾತೂ ಮನಸ್ಸಿಗೆ ನಾಟಿತು. "ಎಲ್ಲಿ ನಿಂತಿದ್ದರು" ಅಂತ ಕೇಳಿದೆ. ಹುಡುಗ ಸುಮ್ಮನೆ ರೆಕಾರ್ಡಿಂಗ್ ಹಾಕಿಕೊಂಡು ಕೂತ. ಅಟ್ಟಕ್ಕೆ ಏಣಿಯೋ ಮೆಟ್ಟಿಲೋ ಅಜ್ಜಿ ಹೇಳೇ ಇಲ್ಲ, ಗೊತ್ತಿಲ್ಲದೆ ಬಿಡಿಸಲ್ಲ ಅಂತಿದ್ದಾನೆ. ತಮ್ಮನ ಚಿತ್ರವನ್ನು ತನ್ನ ಹತ್ತಿರವೇ ಇಟ್ಟುಕೊಳ್ಳಲಿ, ಪುಸ್ತಕಕ್ಕೆ ಬೇಡ ಅಂತ ಇಬ್ಬರೂ ಮಾತಾಡಿಕೊಂಡೆವು. ಅಕ್ಕ, ಒಬ್ಬಳೇ ಹೋಗಿ ಕೇಳು ಅಂದಿರಿ. ಅವರ ಸೊಸೆ ಮನೆಯಲ್ಲೇ ಇರ್ತಾರೆ. ಅವರು ಜೊತೆಗೆ ಕೂತರೆ ನಡೆಯುತ್ತಾ?

ಬೈನಾದವಳು:
ಅದನ್ನೂ ಅಜ್ಜಿಗೇ ಕೇಳಿ. ಹೋಗೋ ಮುಂಚೆ ಫೋನ್ ಮಾಡಿ ಕೇಳಿಬಿಡಿ, ಸೊಸೆ ಎದುರಿಗೆ ಕೇಳಬ್ಯಾಡಿ.